ಮೂರನೆಯ ಸುತ್ತು

ನಮ್ಮ ಶಾಲೆಗೆ ಮೈದಾನ ಇಲ್ಲ. ಇದ್ದ ಅಂಗಳದಲ್ಲಿ ಹೊಸ ಕಟ್ಟಡ ಎದ್ದ ಮೇಲೆ ಉಳಿದದ್ದು ಅಸೆಂಬ್ಲಿಗೆ ಮಕ್ಕಳು ಒತ್ತಿಕೊಂಡು ನಿಲ್ಲುವಷ್ಟು ಜಾಗ ಮಾತ್ರ. ಆಟಕ್ಕೆ ಗುಡ್ಡ ಹತ್ತಬೇಕು. ರಸ್ತೆ ದಾಟಿ, ಭಜನಾ ಮಂದಿರದ ಪಕ್ಕದ ಏರುದಾರಿಯಲ್ಲಿ ಐದಾರು ನಿಮಿಷ ನಡೆದರೆ ನೆತ್ತಿ ಸಿಗುತ್ತದೆ. ಅಲ್ಲಿ ಮಣ್ಣಿಗಿಂತ ಕೆಂಪುಕಲ್ಲೇ ಹೆಚ್ಚು, ನೆರಳು ಎಂಬುದಿಲ್ಲ. ಇಂಥ ಬೋಳು ಬಯಲಿಗೆ ಕೇರಳದ ಗಡಿಯೊಳಗಿನ ನಮ್ಮ ವರ್ಕಾಡಿ ಕಡೆ ಪದವು ಎನ್ನುತ್ತಾರೆ. ಇಡೀ ಹೈಸ್ಕೂಲಿಗೆ ದೈಹಿಕ ಶಿಕ್ಷಣಕ್ಕೆ ನಾನೊಬ್ಬಳೇ ಟೀಚರ್. ಒಂದು ಪೀರಿಯಡ್‌ಗೆ ಎರಡು ಡಿವಿಜನ್, ಕನ್ನಡದ್ದೊಂದು ಮಲಯಾಳದ್ದೊಂದು, ಒಟ್ಟಿಗೆ ನನ್ನ ಹಿಂದೆ ರಸ್ತೆ ದಾಟುತ್ತವೆ.

ಪರೀಕ್ಷೆ ಹತ್ತಿರ ಬಂದಾಗ ಗಣಿತದ ಟೀಚರ್ ಸ್ಟಾಫ್ ರೂಮಿನಲ್ಲಿ ನನ್ನ ಹತ್ತಿರ ಬಂದು ಕೂರುತ್ತಾರೆ. "ಇವತ್ತು ನಿಮ್ಮ ಪೀರಿಯಡ್ ನನಗೆ ಕೊಡ್ತೀರಾ ಟೀಚರ್? ಪೋರ್ಷನ್ ಮುಗೀಲಿಲ್ಲ." ಮಕ್ಕಳ ಆಟ ಕಿತ್ತುಕೊಳ್ಳುತ್ತಾರೆಂದು ನಾನು ಗೊಣಗುತ್ತೇನೆ, ಮತ್ತೆ ಕೊಟ್ಟುಬಿಡುತ್ತೇನೆ. ಕೊಟ್ಟ ಮೇಲೆ ಒಳಗೊಳಗೇ ಹಗುರಾಗುತ್ತದೆ. ಅದನ್ನು ನಾನು ಯಾರ ಹತ್ತಿರವೂ ಹೇಳಿದವಳಲ್ಲ.

ಹಗುರಾಗಲು ಕಾರಣ ಉಂಟು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಎಂಟನೆಯ ಕ್ಲಾಸಿನ ಹುಡುಗನೊಬ್ಬ ಕಬಡ್ಡಿಯಲ್ಲಿ ಕಲ್ಲಿನ ಮೇಲೆ ಬಿದ್ದು ಮುಂಗೈ ಮುರಿದುಕೊಂಡ. ಮರುದಿನ ಅವನ ಸೋದರಮಾವ ಶಾಲೆಗೆ ಬಂದರು. ಬೈಯಲಿಲ್ಲ, ಸ್ವರವನ್ನೂ ಏರಿಸಲಿಲ್ಲ. "ಅವನು ಬೀಳುವಾಗ ನೀವು ಎಂತ ನೋಡ್ತಾ ಇದ್ದದ್ದು ಟೀಚರ್?" ಎಂದು ಎಲ್ಲರ ಎದುರು ಕೇಳಿದರು. ನಾನು ಆಗ ಬೇರೆ ಮೂಲೆಯಲ್ಲಿ ಜಗಳವಾಡುತ್ತಿದ್ದ ಇಬ್ಬರನ್ನು ಬಿಡಿಸುತ್ತಿದ್ದೆ. ಅದನ್ನು ಹೇಳಿದೆ. ಹೇಳುತ್ತಿದ್ದಂತೆಯೇ ಅದು ಉತ್ತರವಲ್ಲ ಎಂದು ನನಗೇ ಗೊತ್ತಾಯಿತು. ಎಪ್ಪತ್ತು ಮಕ್ಕಳನ್ನು ಎರಡು ಕಣ್ಣು ನೋಡಲಾರವು. ಆದರೆ ಬಿದ್ದ ಮಗುವಿನ ಮನೆಯವರಿಗೆ ಇದ್ದದ್ದು ಒಂದೇ ಮಗು. ಆವತ್ತಿನಿಂದ ವಿಸಿಲ್ ಕೊರಳಿಗೆ ಹಾಕಿಕೊಂಡ ಕೂಡಲೇ ಮಕ್ಕಳ ತಲೆ ಎಣಿಸಲು ಶುರುಮಾಡುತ್ತೇನೆ.

ಈ ಹೆದರಿಕೆಯ ನಡುವೆಯೇ ಆ ಹುಡುಗಿ ನನ್ನ ಕಣ್ಣಿಗೆ ಬಿದ್ದಳು. ಒಂಬತ್ತನೆಯ ಕ್ಲಾಸು, ಕಡ್ಡಿಯಂಥ ಕಾಲು. ಓಡಲು ಬಿಟ್ಟರೆ ನಿಲ್ಲುವುದೇ ಇಲ್ಲ. ಬೇರೆಯವರು ಎರಡು ಸುತ್ತಿಗೆ ಸೊಂಟ ಹಿಡಿದು ನಿಂತರೆ ಇವಳು ಬಾಯಿ ಮುಚ್ಚಿಕೊಂಡು, ಮೂಗಿನಲ್ಲೇ ಉಸಿರಾಡುತ್ತಾ ಮೂರನೆಯದು ಮುಗಿಸುತ್ತಿದ್ದಳು. ನಮ್ಮ ಶಾಲೆಯಿಂದ ಉಪಜಿಲ್ಲಾ ಕ್ರೀಡಾಕೂಟದಲ್ಲಿ ಯಾರೂ ಓಟದಲ್ಲಿ ಗೆದ್ದವರಿರಲಿಲ್ಲ. ಮೂರು ಸಾವಿರ ಮೀಟರಿಗೆ ಇವಳ ಹೆಸರು ಕೊಡಬೇಕೆಂದು ಅವಳ ಮನೆಗೆ ಹೋದೆ.

ತಂದೆ ತೀರಿಕೊಂಡು ಕೆಲವು ವರ್ಷ ಆಗಿತ್ತು. ತಾಯಿ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಸುತ್ತುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ತಲೆ ಎತ್ತದೆ ಕೇಳಿದರು.

"ಓಡಲಿ ಟೀಚರೇ. ಅವಳಿಗೂ ಅದೇ ಆಸೆ. ಆದರೆ ಎಂತಾದ್ರೂ ಆದರೆ ನನಗೆ ಬೇರೆ ಯಾರೂ ಇಲ್ಲ."

"ನಾನು ಇದ್ದೇನಲ್ಲ, ನೋಡಿಕೊಳ್ತೇನೆ" ಎಂದೆ. ಎಷ್ಟು ಸುಲಭವಾಗಿ ಅಂದೆ!

ಪದವಿನ ಅಂಚು ಹಿಡಿದು ಒಂದು ಸುತ್ತು ಬಂದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ನಡುವೆ ನಿಂತರೆ ಓಡುವವರು ಪೂರಾ ಕಾಣುತ್ತಾರೆ, ಮೂಡು ದಿಕ್ಕಿನ ಒಂದು ತುಂಡು ದಾರಿ ಬಿಟ್ಟು. ಅಲ್ಲಿ ಇಳಿಜಾರಿನಿಂದ ಮೇಲಕ್ಕೆ ಬೆಳೆದ ಗೇರುಮರಗಳು ಅಡ್ಡ ಬರುತ್ತವೆ. ಮರಗಳ ಆಚೆ ಕಲ್ಲು ಕಡಿದು ಬಿಟ್ಟುಹೋದ ಹಳೆಯ ಕೋರೆ ಉಂಟು. ಆ ತುಂಡು ದಾಟಲು ಅವಳಿಗೆ ಒಂದೂವರೆ ನಿಮಿಷ ಬೇಕು. ಆ ಒಂದೂವರೆ ನಿಮಿಷ ನಾನು ಪ್ರತಿದಿನವೂ ಮರಗಳ ಆ ತುದಿಯಿಂದ ಕಣ್ಣು ತೆಗೆಯುತ್ತಿರಲಿಲ್ಲ.

ಅಕ್ಟೋಬರ್ ತಿಂಗಳು. ಬೆಳಿಗ್ಗೆ ಚುರುಕು ಬಿಸಿಲು, ಮಧ್ಯಾಹ್ನದ ಮೇಲೆ ಘಟ್ಟದ ಕಡೆಯಿಂದ ಮೋಡ ಎದ್ದು ಗುಡುಗುವ ತುಲಾಮಳೆಯ ಕಾಲ. ಆ ದಿನ ಬೆಳಿಗ್ಗೆ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಯೆಲ್ಲೋ ಅಲರ್ಟ್ ಬಂದಿತ್ತು. ಗುಡುಗು ಮಿಂಚು ಇರಬಹುದು, ಬಯಲಿನಲ್ಲಿ ನಿಲ್ಲಬೇಡಿ ಎಂದು. ನಾನು ಓದಿದೆ. ಅಂಥದ್ದು ಆ ತಿಂಗಳು ಹೆಚ್ಚುಕಡಿಮೆ ದಿನಾ ಬರುತ್ತಿತ್ತು, ಎಷ್ಟೋ ದಿನ ಒಂದು ಹನಿಯೂ ಬೀಳುತ್ತಿರಲಿಲ್ಲ. ಕೂಟಕ್ಕೆ ಉಳಿದದ್ದು ಒಂದೇ ವಾರ. ಮೊಬೈಲನ್ನು ಚೀಲಕ್ಕೆ ಹಾಕಿದೆ.

ಮೂರು ಗಂಟೆಯ ಹೊತ್ತಿಗೆ ಮೂವತ್ತೊಂದು ಮಕ್ಕಳನ್ನು ಕರೆದುಕೊಂಡು ಹತ್ತಿದೆ. ಏಳು ಮಂದಿ ದೂರದ ಓಟದವರು, ಉಳಿದವರು ಜಿಗಿತ, ಗುಂಡು ಎಸೆತ, ರಿಲೇಯವರು. ಓಟ ಶುರುವಾದಾಗ ಬಿಸಿಲಿತ್ತು. ಮೊದಲ ಸುತ್ತು ಮುಗಿಯುವಾಗ ಬಿಸಿಲು ಹೋಯಿತು. ಎರಡನೆಯದು ಮುಗಿಯುವಾಗ ಮೂಡಲಿನ ಆಕಾಶ ಪೂರ್ತಿ ಕಪ್ಪಾಗಿತ್ತು, ಬಹಳ ದೂರದಲ್ಲಿ, ಯಾರೋ ಗೋದಾಮಿನಲ್ಲಿ ಡ್ರಮ್ ಉರುಳಿಸಿದ ಹಾಗೆ, ಒಂದು ಗುಡುಗು ಕೇಳಿತು.

ಆಗಲೇ ವಿಸಿಲ್ ಊದಬೇಕಿತ್ತು. ಕೈ ವಿಸಿಲಿಗೆ ಹೋಗಿಯೂ ಇತ್ತು. ಆದರೆ ಅದೇ ಹೊತ್ತಿಗೆ ಹುಡುಗಿ ನನ್ನ ಮುಂದಿನಿಂದ ಹಾದುಹೋದಳು, ನಾನು ಸ್ಟಾಪ್‌ವಾಚ್ ನೋಡಿದೆ. ಅಷ್ಟು ವೇಗವಾಗಿ ಅವಳು ಅದುವರೆಗೆ ಓಡಿರಲಿಲ್ಲ. ಬಾಕಿ ಆರು ಮಂದಿ ಕಾಲು ಸುತ್ತು ಹಿಂದಿದ್ದರು. ಇನ್ನೊಂದೇ ಸುತ್ತು, ಐದು ನಿಮಿಷದೊಳಗೆ ಮುಗಿದುಹೋಗುತ್ತದೆ ಎಂದುಕೊಂಡೆ. ಕೈ ಕೆಳಗಿಳಿಸಿದೆ.

ಅವಳು ಗೇರುಮರಗಳ ಹಿಂದೆ ಮರೆಯಾಗಿ ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ಇಡೀ ಪದವು ಬೆಳ್ಳಗಾಯಿತು. ಅದರ ಜೊತೆಗೇ, ನಡುವೆ ಎಣಿಸಲು ಒಂದು ಸಂಖ್ಯೆಯೂ ಇಲ್ಲದೆ, ಸಿಡಿಲು. ನೆಲ ನನ್ನ ಅಂಗಾಲಿನೊಳಗೆ ಅದುರಿತು. ಮಕ್ಕಳು ಚೀರಿ ಕೂತುಬಿಟ್ಟರು. ನಾನು ವಿಸಿಲ್ ಊದಿದೆ, ಊದುತ್ತಲೇ ಇದ್ದೆ. ಹಿಂದಿದ್ದ ಆರು ಮಂದಿ ತಿರುಗಿ ನನ್ನ ಕಡೆ ಓಡಿಬಂದರು. ಅವಳು ಮಾತ್ರ ಮರಗಳ ಆಚೆಯಿಂದ ಹೊರಗೆ ಬರಲಿಲ್ಲ.

ಕಾದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಮತ್ತೊಂದು ಸಿಡಿಲು ಇನ್ನೊಂದು ಬದಿಗೆ ಬಿತ್ತು. ಮೂವತ್ತು ಮಕ್ಕಳು ಬೋಳು ಬಯಲಿನಲ್ಲಿ ನನ್ನ ಸುತ್ತ ಗುಂಪುಗಟ್ಟಿದ್ದರು. ಸಣ್ಣವನೊಬ್ಬ ನನ್ನ ಚೂಡಿದಾರದ ತುದಿ ಹಿಡಿದುಕೊಂಡು ಅಳುತ್ತಿದ್ದ. ಅವಳಿಗಾಗಿ ನಿಂತರೆ ಈ ಮೂವತ್ತು ಮಂದಿ ಸಿಡಿಲಿನಡಿ ನಿಲ್ಲಬೇಕು. ಇವರನ್ನು ಕರೆದುಕೊಂಡು ಇಳಿದರೆ ಅವಳನ್ನು ಬಿಟ್ಟುಹೋಗಬೇಕು. ಟ್ರೈನಿಂಗಿನಲ್ಲಿ ಮೂಳೆ ಮುರಿದರೆ ಕಟ್ಟುವುದನ್ನು ಕಲಿಸಿದ್ದರು, ಇದನ್ನು ಯಾರೂ ಕಲಿಸಿರಲಿಲ್ಲ.

ಇಳಿದೆ. ಭಜನಾ ಮಂದಿರದ ಜಗಲಿಗೆ ತಾರಸಿಯ ಮಾಡು ಇತ್ತು. ಮಕ್ಕಳು ಜಾರುತ್ತಾ ಬೀಳುತ್ತಾ ಅಲ್ಲಿ ಸೇರುವಾಗ ಮಳೆ ಹೊಡೆಯಲು ಶುರುವಾಗಿತ್ತು. ಗೋಡೆಗೆ ತಾಗದೆ ನಡುವೆ ಕೂರಿಸಿದೆ. ಎಣಿಸಿದೆ. ಮೂವತ್ತು. ಅಷ್ಟೇ ಎಂದು ಗೊತ್ತಿದ್ದರೂ ಇನ್ನೊಮ್ಮೆ ಎಣಿಸಿದೆ.

ಮೊಬೈಲ್ ಹೊಡೆದುಕೊಂಡಿತು. ಹೆಡ್‌ಮಾಸ್ಟರು.

"ಟೀಚರ್, ಎಲ್ಲಿದ್ದೀರಿ? ಮಕ್ಕಳು ಎಲ್ಲ ಇದ್ದಾರಲ್ವಾ?"

"ಮಂದಿರದಲ್ಲಿ ಇದ್ದೇವೆ ಸರ್. ಎಲ್ಲ ಇದ್ದಾರೆ."

ಅದು ನನ್ನ ಬಾಯಿಯಿಂದ ಬಂದ ಮಾತು. ಯಾಕೆ ಹಾಗೆ ಹೇಳಿದೆ ಎಂದು ಈಗಲೂ ಸರಿಯಾಗಿ ಗೊತ್ತಿಲ್ಲ. ಇಲ್ಲ ಎಂದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆ ಇತ್ತು. ಕೆಲಸದ ಹೆದರಿಕೆಯೂ ಇತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹತ್ತಿರ ನಿಂತಿದ್ದ ಹತ್ತನೆಯ ಕ್ಲಾಸಿನ ಲೀಡರ್ ಹುಡುಗಿ ಮಾತು ಕೇಳಿಸಿಕೊಂಡು ನನ್ನ ಮುಖವನ್ನೇ ನೋಡಿದಳು.

"ಇವರನ್ನು ಜಗಲಿ ಇಳಿಯಲಿಕ್ಕೆ ಬಿಡಬೇಡ" ಎಂದು ಅವಳಿಗೆ ಹೇಳಿ ಮೊಬೈಲನ್ನು ಅವಳ ಕೈಗೆ ಕೊಟ್ಟೆ. "ಹತ್ತು ನಿಮಿಷದಲ್ಲಿ ನಾನು ಬರದಿದ್ದರೆ ಹೆಡ್‌ಮಾಸ್ಟರಿಗೆ ಫೋನ್ ಮಾಡಿ ಇದ್ದದ್ದು ಹೇಳು."

ಮತ್ತೆ ಹತ್ತಿದೆ.

ಪದವಿನ ನೆತ್ತಿಯಲ್ಲಿ ಒಬ್ಬಳೇ ಹೆಂಗಸು ನಿಂತರೆ ಅಲ್ಲಿ ಅವಳೇ ಎಲ್ಲಕ್ಕಿಂತ ಎತ್ತರ. ಇದು ನನಗೆ ಕಾಲಿಟ್ಟ ಕ್ಷಣವೇ ಹೊಳೆಯಿತು. ಬಗ್ಗಿ ಓಡಿದೆ. ಮಿಂಚಿದಾಗ ಕುಕ್ಕರುಗಾಲಿನಲ್ಲಿ ಕೂತು ಕಿವಿ ಮುಚ್ಚಿದೆ, ಗುಡುಗು ಕಳೆದ ಮೇಲೆ ಎದ್ದು ಓಡಿದೆ. ಸ್ಟೀಲಿನ ವಿಸಿಲ್ ಎದೆಗೆ ಬಡಿಯುತ್ತಿತ್ತು. ಅದನ್ನು ಕಿತ್ತು ಎಸೆದೆ. ಅವಳನ್ನು ಕೂಗಿ ಕರೆದೆ, ಆ ಸದ್ದಿನಲ್ಲಿ ಕೂಗು ನನಗೇ ಕೇಳಲಿಲ್ಲ. ಮಳೆಯಲ್ಲಿ ಹತ್ತು ಮಾರು ಮುಂದಿನದೂ ಕಾಣುತ್ತಿರಲಿಲ್ಲ.

ಗೇರುಮರಗಳನ್ನು ದಾಟಿದಾಗ ದಾರಿಯ ಪಕ್ಕ ನೆಲದಲ್ಲಿ ಏನೋ ಕಪ್ಪಗೆ ಬಿದ್ದಿತ್ತು. ಹುಡುಗಿ ಹಾಕಿದ್ದದ್ದು ಕಡುನೀಲಿ ಜೆರ್ಸಿ, ಒದ್ದೆಯಾದರೆ ಕಪ್ಪೇ. ನಾನು ನಿಂತುಬಿಟ್ಟೆ. ಅವಳ ತಾಯಿಯ ಮೊರ, ಅದರಲ್ಲಿ ಕತ್ತರಿಸಿಟ್ಟ ಎಲೆ, ತಲೆ ಎತ್ತದ ಆ ಮುಖ ಕಣ್ಣೆದುರು ಬಂದವು. ಅಲ್ಲಿಂದಲೇ ಎಲ್ಲಿಗಾದರೂ ಓಡಿಹೋಗಿಬಿಡಬೇಕು ಅನ್ನಿಸಿತು. ಹೌದು, ಹಾಗೆಯೇ ಅನ್ನಿಸಿತು. ಆಮೇಲೆ ಇನ್ನೊಂದು ಮಿಂಚಿನ ಬೆಳಕಿನಲ್ಲಿ ಎರಡು ಕೊಂಬು ಕಂಡವು.

ದನ. ನಾಲ್ಕು ಕಾಲೂ ಮರದ ತುಂಡಿನ ಹಾಗೆ ಸೆಟೆದುಕೊಂಡಿದ್ದವು, ಕಣ್ಣು ತೆರೆದೇ ಇತ್ತು, ಮಳೆ ಅದರ ಮೇಲೆ ನೇರ ಬೀಳುತ್ತಿತ್ತು. ದನ ಎಂದು ತಿಳಿದಾಗ ಎಷ್ಟು ಸಮಾಧಾನವಾಯಿತೋ ಅಷ್ಟೇ ನಾಚಿಕೆಯೂ ಆಯಿತು.

"ಟೀಚರ್!"

ಸ್ವರ ಕೆಳಗಿನಿಂದ ಬಂತು. ಕೋರೆಯ ಒಂದು ಮೂಲೆಯಲ್ಲಿ, ಕಲ್ಲು ಕಡಿದು ಎದೆಯಷ್ಟು ತಗ್ಗಾಗಿದ್ದ ಕಡೆ, ಹುಡುಗಿ ಕೂತಿದ್ದಳು. ಅವಳ ತೊಡೆಯ ಮೇಲೆ ಒಬ್ಬ ಮುದುಕಿಯ ತಲೆ. ಪದವಿನಲ್ಲಿ ಒಂಟಿ ದನವನ್ನು ಮೇಯಿಸುತ್ತಿದ್ದ ಅಜ್ಜಿ, ನಾವೆಲ್ಲ ದಿನಾ ನೋಡುತ್ತಿದ್ದವರು. ನಾನು ಜಾರಿಕೊಂಡು ಇಳಿದೆ. ಮೊದಲು ಹುಡುಗಿಯನ್ನು ಹಿಡಿದೆ. ಮುಖ, ಕೈ, ಕಾಲು. ಕಾಲಿನ ಹೆಬ್ಬೆರಳಿನ ಉಗುರು ಕಿತ್ತುಹೋಗಿತ್ತು, ಬೇರೆ ಗಾಯ ಇರಲಿಲ್ಲ.

"ನಿನಗೆ ಎಂತ ಆಯ್ತು?"

"ಕಿವಿಯಲ್ಲಿ ಗುಂಯ್ ಅಂತದೆ. ನಾನು ಬಿದ್ದೆ. ಎದ್ದು ನೋಡುವಾಗ ದನ ಬಿದ್ದಿತ್ತು, ಅಜ್ಜಿಯೂ ಬಿದ್ದಿದ್ದರು. ಅಜ್ಜಿ ಮಾತಾಡುದಿಲ್ಲ ಟೀಚರ್."

"ಉಸಿರು ಉಂಟಾ?"

"ಉಂಟು. ಎದೆ ಮೇಲೆ ಕೆಳಗೆ ಹೋಗ್ತದೆ. ನಾನೇ ಎಳ್ಕೊಂಡು ಬಂದದ್ದು."

ಮುದುಕಿಯ ನಾಡಿ ನೋಡಿದೆ. ಓಡಿ ಬಂದವಳಿಗೆ ಯಾವುದು ಅವರ ನಾಡಿ ಯಾವುದು ನನ್ನದು ಎಂದು ತಿಳಿಯಲು ಹೊತ್ತು ಹಿಡಿಯಿತು. ಇತ್ತು. ಒಂದು ಬದಿಗೆ ಮಗ್ಗುಲಾಗಿಸಿ ಮಲಗಿಸಿದೆ. ಮೂವರೂ ಒಬ್ಬರಿಗೊಬ್ಬರು ಒತ್ತಿಕೊಂಡು ಆ ಮೂಲೆಯಲ್ಲಿ ಕೂತೆವು. ಕಾಲ ಬುಡದಲ್ಲಿ ನೀರು ಏರುತ್ತಿತ್ತು. ಮಿಂಚು ಕಂಡಾಗ ಹುಡುಗಿ ನನ್ನ ತೋಳು ಹಿಡಿಯುತ್ತಿದ್ದಳು, ನಾನು ಗುಡುಗು ಕೇಳುವವರೆಗೆ ಗಟ್ಟಿಯಾಗಿ ಎಣಿಸುತ್ತಿದ್ದೆ. ಒಂದು, ಎರಡು. ಒಂದು, ಎರಡು, ಮೂರು. ಆರರವರೆಗೆ ಹೋದಾಗ ಅವಳ ಹಿಡಿತ ಸ್ವಲ್ಪ ಸಡಿಲವಾಯಿತು.

"ವಿಸಿಲ್ ಕೇಳಿತು ಟೀಚರ್" ಎಂದಳು. "ಮತ್ತೆ ನಿಂತಿತು. ನೀವೆಲ್ಲ ಹೋದಿರಿ ಅಂತ ಗೊತ್ತಾಯ್ತು. ನೀವು ಬರುದಿಲ್ಲ ಅಂತ ಎಣಿಸಿದೆ."

ಅದರಲ್ಲಿ ದೂರು ಇರಲಿಲ್ಲ, ಆದದ್ದನ್ನು ಹೇಳಿದ್ದು ಅಷ್ಟೇ.

ಗುಡುಗು ದೂರ ಸರಿದ ಮೇಲೆ ಮುದುಕಿ ಕಣ್ಣು ಬಿಟ್ಟು "ಎನ್ನ ಪೆತ್ತ ಓಲು?" ಎಂದು ಕೇಳಿದರು. ನನ್ನ ದನ ಎಲ್ಲಿ ಎಂದು. ಹುಡುಗಿ ಅವರ ಕಿವಿಯ ಹತ್ತಿರ ಬಾಯಿಟ್ಟು, ಮನೆಗೆ ಹೋಗಿದೆ ಎಂದು ತುಳುವಿನಲ್ಲಿ ಹೇಳಿದಳು. ಅವರಿಗೆ ಕೇಳಿಸಲಿಲ್ಲ. ಮತ್ತೆ ಮತ್ತೆ ಅದನ್ನೇ ಕೇಳಿದರು.

ಅಷ್ಟರಲ್ಲಿ ಹೆಡ್‌ಮಾಸ್ಟರು ಇಬ್ಬರು ಗಂಡಸರನ್ನು ಕರೆದುಕೊಂಡು ಬಂದರು. ಲೀಡರ್ ಹುಡುಗಿ ಹತ್ತು ನಿಮಿಷಕ್ಕೆ ಸರಿಯಾಗಿ ಫೋನ್ ಮಾಡಿದ್ದಳು. ಅಜ್ಜಿಯನ್ನು ಎತ್ತಿಕೊಂಡು ಇಳಿಯುವಾಗ ಹೆಡ್‌ಮಾಸ್ಟರು ನನ್ನ ಪಕ್ಕದಲ್ಲಿ ನಡೆಯುತ್ತಾ, ಬೇರೆಯವರಿಗೆ ಕೇಳದ ಹಾಗೆ, "ಎಲ್ಲ ಇದ್ದಾರೆ ಅಂದಿರಲ್ಲ ಟೀಚರ್" ಎಂದರು.

ಮಂದಿರದ ಹತ್ತಿರ ಹುಡುಗಿಯ ತಾಯಿ ನಿಂತಿದ್ದರು. ಯಾರೋ ಸುದ್ದಿ ಮುಟ್ಟಿಸಿದ್ದರು. ಕೊಡೆ ಇರಲಿಲ್ಲ, ಕಾಲಿಗೆ ಚಪ್ಪಲಿ ಇರಲಿಲ್ಲ. ಮಗಳ ನೆತ್ತಿಯಿಂದ ಹೆಬ್ಬೆರಳಿನವರೆಗೆ ಕೈಯಾಡಿಸಿ ನೋಡಿದರು. ಕೈ ಹಿಡಿದು ಎಳೆದುಕೊಂಡು ಹೋದರು. ನನ್ನ ಕಡೆ ತಿರುಗಲಿಲ್ಲ.

ಅಜ್ಜಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ವಾರ ಕಳೆದು ಮನೆಗೆ ಬಂದರು. ಒಂದು ಕಿವಿ ಹೋಯಿತು, ಜೀವ ಉಳಿಯಿತು. ಪೇಪರಿನಲ್ಲಿ ಹುಡುಗಿಯ ಫೋಟೋ ಬಂತು. ಅದರ ಕೆಳಗೆ, ಪ್ರಾಣದ ಹಂಗು ತೊರೆದು ಹೋದ ಶಿಕ್ಷಕಿ ಎಂದು ನನ್ನ ಬಗ್ಗೆಯೂ ಎರಡು ಸಾಲು. ಸ್ಟಾಫ್ ರೂಮಿನಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ನಾನು ಎದ್ದು ಹೊರಗೆ ಹೋದೆ.

ಅದರ ಹಿಂದೆಯೇ ಮೇಲಿನ ಆಫೀಸಿನಿಂದ ವಿವರಣೆ ಕೇಳಿ ಮೆಮೊ ಬಂತು. ಎಚ್ಚರಿಕೆ ಇದ್ದರೂ ಮಕ್ಕಳನ್ನು ಬಯಲಿಗೆ ಯಾಕೆ ಒಯ್ದದ್ದು ಎಂದು. ಗಣಿತದ ಟೀಚರ್ ನನ್ನ ಪಕ್ಕ ಕೂತರು.

"ಮೆಸೇಜ್ ನೋಡ್ಲಿಲ್ಲ ಅಂತ ಬರೀರಿ ಮಾರಾಯ್ರೆ. ರೇಂಜ್ ಸಿಗ್ಲಿಲ್ಲ ಅನ್ನಿ. ಇಲ್ಲಿ ಯಾರಿಗೆ ರೇಂಜ್ ಸಿಗ್ತದೆ?"

ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ಎರಡು ದಿನ ಖಾಲಿ ಕಾಗದ ಎದುರಿಗಿಟ್ಟುಕೊಂಡು ಕೂತೆ. ಕೆಲಸ ಹೋದರೆ ಎಂಬ ಯೋಚನೆಗೆ ಊಟ ಸೇರಲಿಲ್ಲ. ಆದರೆ ಹೆಡ್‌ಮಾಸ್ಟರ ಹತ್ತಿರ ಹೇಳಿದ ಒಂದು ಸುಳ್ಳೇ ಬಾಯಿಯಲ್ಲಿ ಕಹಿಯಾಗಿ ಉಳಿದಿತ್ತು. ಆ ಲೀಡರ್ ಹುಡುಗಿ ವರಾಂಡದಲ್ಲಿ ಎದುರು ಸಿಕ್ಕಾಗ ನಾನೇ ಕಣ್ಣು ತಪ್ಪಿಸುತ್ತಿದ್ದೆ. ಕೊನೆಗೆ ಕನ್ನಡದಲ್ಲಿ ಬರೆದೆ. ಮಲಯಾಳದಲ್ಲಿ ಬರೆದರೆ ಎಲ್ಲಿ ತಪ್ಪು ಶಬ್ದ ಬೀಳುತ್ತದೋ ಎಂಬ ಭಯ. ಮೆಸೇಜ್ ಓದಿದ್ದೆ, ಎರಡನೆಯ ಸುತ್ತಿನ ಕೊನೆಗೆ ಗುಡುಗು ಕೇಳಿತ್ತು, ಆದರೂ ಮೂರನೆಯ ಸುತ್ತಿಗೆ ಬಿಟ್ಟೆ, ಒಂದು ಮಗು ಮೇಲಿರುವಾಗ ಎಲ್ಲರೂ ಇದ್ದಾರೆ ಎಂದು ಹೇಳಿದೆ. ಒಂದೂವರೆ ಪುಟ. ಒಬ್ಬ ಅಧಿಕಾರಿ ಬಂದು ಪದವು ನೋಡಿದರು, ಮಕ್ಕಳನ್ನು ಕೇಳಿದರು. ಲಿಖಿತ ಎಚ್ಚರಿಕೆ ಕೊಟ್ಟು ಬಿಟ್ಟರು.

ವಿವರಣೆ ಕಳಿಸಿದ ದಿನವೇ ಹುಡುಗಿಯ ಮನೆಗೂ ಹೋದೆ. ಬರೆದದ್ದನ್ನೇ ಅವಳ ತಾಯಿಯ ಎದುರು ಹೇಳಿದೆ. ಅವರು ಬೀಡಿ ಸುತ್ತುವುದನ್ನು ನಿಲ್ಲಿಸಲಿಲ್ಲ.

"ಆ ಮೂವತ್ತು ಮಕ್ಕಳನ್ನು ತೆಗೊಂಡು ಇಳಿಯುವಾಗ ಹಿಂದೆ ತಿರುಗಿ ನೋಡಿದಿರಾ ಟೀಚರೇ?"

"ನೋಡಿದೆ."

"ಕಂಡಳಾ?"

"ಇಲ್ಲ."

ಆಗ ಅವರ ಕೈ ನಿಂತಿತು. "ನಾನಾದರೆ ಇಳಿತಿರಲಿಲ್ಲ" ಎಂದರು.

"ಗೊತ್ತುಂಟು" ಎಂದೆ. ಒಳಗಿನಿಂದ ಹುಡುಗಿ ಇಣುಕಿ ನೋಡಿ ಮರೆಯಾದಳು. ಆ ವರ್ಷ ಅವಳು ಓಡಲಿಲ್ಲ. ನಾನು ಕೇಳಲೂ ಇಲ್ಲ.

ಮುಂದಿನ ಜೂನಿನಲ್ಲಿ, ಹತ್ತನೆಯ ಕ್ಲಾಸಿಗೆ ಬಂದ ಮೇಲೆ, ಅವಳು ಒಂದು ಚೀಟಿ ತಂದುಕೊಟ್ಟಳು. ತಾಯಿಯ ಕೈಬರಹ. ಓಡಬಹುದು, ಪದವಿನಲ್ಲಿ ಬೇಡ, ಮಧ್ಯಾಹ್ನದ ಮೇಲೆ ಬೇಡ, ಮೋಡ ಇದ್ದರೆ ಬೇಡ. ಕೆಳಗೆ ಸಹಿ. ಹಾಗಾದರೆ ಎಲ್ಲಿ ಓಡುವುದು? ಉಳಿದದ್ದು ರಸ್ತೆ. ಬೆಳಿಗ್ಗೆ ಬಸ್ಸು ಶುರುವಾಗುವ ಮೊದಲು ಅವಳು ಡಾಮರಿನ ಬದಿಯಲ್ಲಿ ಓಡುತ್ತಿದ್ದಳು, ನಾನು ಸ್ಕೂಟರಿನಲ್ಲಿ ಲೈಟ್ ಉರಿಸಿಕೊಂಡು ಹಿಂದೆ ಹೋಗುತ್ತಿದ್ದೆ. ಪ್ರತಿ ತಿರುವಿನಲ್ಲಿ, ಈಗ ಎದುರಿನಿಂದ ಜೀಪು ಬಂದರೆ ಎಂದು ಹಾರ್ನ್ ಒತ್ತುತ್ತಿದ್ದೆ. ಸಿಡಿಲಿನ ಹೆದರಿಕೆ ಹೋಗಿ ಜೀಪಿನ ಹೆದರಿಕೆ ಬಂದಿತ್ತು.

"ನಿಮ್ಮ ಹಾರ್ನಿಗೇ ನಾನು ಬೀಳುದು ಟೀಚರ್" ಎನ್ನುತ್ತಿದ್ದಳು.

ಕೂಟದ ದಿನ ಅವಳ ತಾಯಿ ಬೆಳಿಗ್ಗೆಯೇ ಬಂದು ಬೇಲಿಯ ಹತ್ತಿರ ನಿಂತಿದ್ದರು. ಆಕಾಶ ಸ್ವಚ್ಛವಾಗಿತ್ತು. ಹನ್ನೊಂದು ಮಂದಿ ಓಡಿದರು. ಒಳ್ಳೆಯ ಮೈದಾನದಲ್ಲಿ ಓಡಿ ರೂಢಿಯಿದ್ದ ಮೂವರು ಅವಳಿಗಿಂತ ಮುಂದೆ ಮುಗಿಸಿದರು. ಅವಳು ನಾಲ್ಕನೆಯವಳಾಗಿ ಗೆರೆ ದಾಟಿ, ನಾಲ್ಕು ಹೆಜ್ಜೆ ನಡೆದು, ಹುಲ್ಲಿನ ಮೇಲೆ ಅಂಗಾತ ಬಿದ್ದಳು.

ನಾನು ಹಗ್ಗ ದಾಟಿ ಓಡಿದೆ. "ಎಂತ ಆಯ್ತು? ಎಂತ ಆಯ್ತು ನಿನಗೆ?"

"ಎಂತ ಇಲ್ಲ ಟೀಚರ್. ದಣಿದದ್ದು." ನಗುತ್ತಿದ್ದಳು.

ನಾನು ಅವಳ ಮಣಿಕಟ್ಟು ಹಿಡಿದು ಕೂತೆ. ನಾಡಿ ಜೋರಾಗಿ, ಸರಿಯಾಗಿ ಹೊಡೆದುಕೊಳ್ಳುತ್ತಿತ್ತು. ಒಂದು ನಿಮಿಷ ಎಣಿಸಿದೆ, ಸಾಕಾಗದೆ ಇನ್ನೊಂದು ನಿಮಿಷ ಎಣಿಸಿದೆ. ಮುಂದಿನ ಓಟದವರು ಗೆರೆಗೆ ಬಂದು ನಿಂತಿದ್ದರು, ರೆಫರಿ ನಮ್ಮ ಕಡೆ ಕೈ ಬೀಸುತ್ತಿದ್ದರು.

"ಬಿಡಿ ಟೀಚರ್" ಎಂದಳು ಹುಡುಗಿ. "ಎಲ್ಲರೂ ನೋಡ್ತಾ ಇದ್ದಾರೆ."